ಹದಿನೇಳು ದಿನಗಳ ಕಾವಲು: ಮೇಜಿನ ಮೇಲೊಂದು ಬೆಂಗಳೂರು ಕೋಟೆ



ಮನೆಯ ಊಟದ ಮೇಜಿನ ಮೇಲೆ ಒಂದು ದೊಡ್ಡ ನಕಾಶೆ ಹರಡಿದೆ ಎಂದಿಟ್ಟುಕೊಳ್ಳಿ. ನಡುವೆ ಮೊಟ್ಟೆಯಾಕಾರದ ಒಂದು ಕಲ್ಲಿನ ಕೋಟೆ. ಅದರ ಉತ್ತರಕ್ಕೆ ಗೋಡೆ, ಕಂದಕ ಹಾಗೂ ದಟ್ಟವಾದ ಮುಳ್ಳುಗಿಡಗಳ ಪಟ್ಟಿಯಿಂದ ಸುತ್ತುವರಿದ ಒಂದು ಪೇಟೆ. ಪೂರ್ವದಲ್ಲಿ ಹೊಸಕೋಟೆಯ ಕಡೆಯಿಂದ ಬರುವ ದಾರಿ. ಪಶ್ಚಿಮದ ಅಂಚಿನಲ್ಲಿ ಕೆಂಗೇರಿ. ನಕಾಶೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಮನೆಗಳ ಮೇಲೆ ಬಣ್ಣಬಣ್ಣದ ಕಾಯಿಗಳು. ಪಕ್ಕದಲ್ಲಿ ಎರಡು ದಾಳ, ಒಂದು ನಿಯಮಗಳ ಪುಸ್ತಕ. ಮೇಜಿನ ಸುತ್ತ ಮೂವರು ನಾಲ್ವರು ಕುಳಿತಿದ್ದಾರೆ. ಅವರ ಮುಂದಿರುವ ಪ್ರಶ್ನೆ ಒಂದೇ: 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರನ್ನು ಉಳಿಸಿಕೊಳ್ಳಲು ಸಾಧ್ಯವಿತ್ತೆ?

ಇದನ್ನು ಯುದ್ಧದಾಟ ಎನ್ನುತ್ತಾರೆ. ಚದುರಂಗದ ದೂರದ ನೆಂಟ. ಇತಿಹಾಸದಲ್ಲಿ ನಿಜವಾಗಿ ನಡೆದ ಒಂದು ಕದನವನ್ನೋ ಮುತ್ತಿಗೆಯನ್ನೋ ಎತ್ತಿಕೊಂಡು, ಅಂದಿನ ನೆಲ, ಅಂದಿನ ಸೈನ್ಯ, ಅಂದಿನ ಹವೆ, ಅಂದಿನ ಕೊರತೆಗಳನ್ನೆಲ್ಲ ಮೇಜಿನ ಮೇಲೆ ಇಟ್ಟು, ಆಟಗಾರರನ್ನು ಅಂದಿನ ಸೇನಾಪತಿಗಳ ಜಾಗದಲ್ಲಿ ಕೂರಿಸುವುದು ಇದರ ಕ್ರಮ. ಇಂಥ ಆಟಗಳಲ್ಲಿ ಊರೊಂದನ್ನು ಕಾಯುವ ಆಟಕ್ಕೆ ವಿಶೇಷ ಸ್ಥಾನವಿದೆ. ಬಯಲಿನ ಕದನ ಒಂದು ಹಗಲಿನಲ್ಲಿ ಮುಗಿಯುತ್ತದೆ. ಊರಿನ ಕಾವಲು ಹಾಗಲ್ಲ. ಅಲ್ಲಿ ಗೋಡೆಯಿದೆ, ಗೋಡೆಯ ಒಳಗೆ ಜನರಿದ್ದಾರೆ, ಜನರಿಗೆ ಹಸಿವಿದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಬಂದಿರುವ ತಮಗೆ ಈ ನಕಾಶೆಯಲ್ಲಿ ಒಂದು ವಿಶೇಷ ಕಾಣಿಸೀತು. ತಮ್ಮ ಬಡಾವಣೆಗಳು ಅದರಲ್ಲಿ ಇಲ್ಲ. ಅವು ಇರುವ ಕಡೆ ಆಗ ಹೊಲ, ತೋಪು, ಕೆರೆ ಮತ್ತು ಚದುರಿದ ಹಳ್ಳಿಗಳು. ಅತ್ತಿಗುಪ್ಪೆ, ಹೊಸಹಳ್ಳಿ, ಮಾರೇನಹಳ್ಳಿ, ಕೇತಮಾರನಹಳ್ಳಿ, ನಾಯಂಡಹಳ್ಳಿ ಎಂಬ ಹೆಸರುಗಳಲ್ಲಿ ಆ ಹಳ್ಳಿಗಾಡಿನ ನೆನಪು ಇಂದಿಗೂ ಉಳಿದಿದೆ. ಆದರೆ ಮುತ್ತಿಗೆಯ ಆಟದಲ್ಲಿ ಈ ಖಾಲಿ ಪಶ್ಚಿಮ ಭಾಗವೇ ಬಹಳ ಮುಖ್ಯ. ಏಕೆಂದರೆ ಕೋಟೆಯನ್ನು ಉಳಿಸಬೇಕಾಗಿದ್ದ ಸೈನ್ಯ ಇದ್ದದ್ದು ಈ ಕಡೆಯಲ್ಲಿ.

ಆಟದ ಹಿನ್ನೆಲೆ

ಯುದ್ಧವನ್ನು ಹಲಗೆಯ ಮೇಲೆ ಆಡುವ ಯೋಚನೆ ಹೊರಗಿನಿಂದ ಬಂದದ್ದೇನಲ್ಲ. ಚತುರಂಗ ಎಂಬ ಹೆಸರೇ ಸೇನೆಯ ನಾಲ್ಕು ಅಂಗಗಳಾದ ಆನೆ, ಕುದುರೆ, ರಥ, ಕಾಲಾಳುಗಳಿಂದ ಬಂದದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಚದುರಂಗಕ್ಕೂ ಜಾಗವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯ ನಡೆಯನ್ನು ಹಿಡಿದು ಎಷ್ಟೋ ಚಮತ್ಕಾರಗಳನ್ನು ಕಟ್ಟಿದರು, ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂದು ಭಾಗವಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು.

ಆದರೆ ಮುತ್ತಿಗೆಯ ಆಟಕ್ಕೆ ಚದುರಂಗಕ್ಕಿಂತ ಹತ್ತಿರವಾದದ್ದು ಹಳ್ಳಿಯ ಹುಲಿ-ಕುರಿ ಆಟ. ಎಷ್ಟೋ ದೇವಸ್ಥಾನಗಳ ಜಗಲಿಯ ಕಲ್ಲಿನ ಮೇಲೆ ಅದರ ಗೆರೆಗಳನ್ನು ಕಾಣಬಹುದು. ಚದುರಂಗದಲ್ಲಿ ಎರಡೂ ಕಡೆ ಬಲ ಸಮ, ಗುರಿಯೂ ಒಂದೇ. ಹುಲಿ-ಕುರಿಯಲ್ಲಿ ಹಾಗಿಲ್ಲ. ಒಂದು ಕಡೆ ಮೂರೋ ನಾಲ್ಕೋ ಹುಲಿ, ಇನ್ನೊಂದು ಕಡೆ ಹದಿನೈದೋ ಅದಕ್ಕೂ ಹೆಚ್ಚೋ ಕುರಿ. ಹುಲಿ ಹಾರಿ ಕೊಲ್ಲಬೇಕು. ಕುರಿಗೆ ಕೊಲ್ಲುವ ಶಕ್ತಿಯೇ ಇಲ್ಲ. ಅದು ಹುಲಿಯ ದಾರಿ ಕಟ್ಟಬೇಕು. ಇಬ್ಬರೂ ಒಂದೇ ಮಣೆಯ ಮುಂದೆ ಕುಳಿತಿದ್ದರೂ ಆಡುತ್ತಿರುವುದು ಎರಡು ಬೇರೆ ಆಟ. ಮುತ್ತಿಗೆಯ ತಿರುಳೂ ಇದೇ.

ಇಂದಿನ ಅರ್ಥದ ಯುದ್ಧದಾಟ ರೂಪುಗೊಂಡದ್ದು ಜರ್ಮನ್ ನಾಡುಗಳಲ್ಲಿ. 1780ರಲ್ಲಿ ಹೆಲ್‌ವಿಗ್ ಎಂಬಾತ ಚದುರಂಗವನ್ನು ಹಿಗ್ಗಿಸಿ, ಮನೆಗಳಿಗೆ ಬೆಟ್ಟ, ನದಿ, ಊರುಗಳ ಬಣ್ಣ ಹಚ್ಚಿ ಒಂದು ಆಟ ಮಾಡಿದ. 1812ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ತನ್ನ ಆಟವನ್ನು ಪ್ರಷ್ಯಾದ ದೊರೆಗೆ ಒಪ್ಪಿಸಿದ. ಅವನ ಮಗ 1824ರಲ್ಲಿ ಅದನ್ನು ತಿದ್ದಿ ನಿಯಮಗಳ ಪುಸ್ತಕವನ್ನೇ ಪ್ರಕಟಿಸಿದ. ಚೌಕದ ಮನೆಗಳನ್ನು ಬಿಟ್ಟು ನಿಜವಾದ ನಕಾಶೆಯ ಮೇಲೆ ಆಡಿಸಿದ. ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿದ. ಗುಂಡಿಗೆ ಎಷ್ಟು ಜನ ಬಿದ್ದರು ಎಂಬುದನ್ನು ದಾಳ ಮತ್ತು ಕೋಷ್ಟಕದಿಂದ ಲೆಕ್ಕ ಹಾಕಿಸಿದ. ಪ್ರಷ್ಯಾದ ಸೇನೆ ಇದನ್ನು ತನ್ನ ಅಧಿಕಾರಿಗಳ ಪಾಠವಾಗಿ ಒಪ್ಪಿಕೊಂಡಿತು. ಮುಂದೆ ಅದು ಫ್ರಾನ್ಸನ್ನು ಸೋಲಿಸಿದಾಗ ಬೇರೆ ದೇಶಗಳ ಸೇನೆಗಳೂ ಈ ಆಟದತ್ತ ಕಣ್ಣು ಹಾಯಿಸಿದವು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ತವರದ ಸೈನಿಕರನ್ನು ಇಟ್ಟು ಆಡುವ ಆಟದ ಬಗ್ಗೆ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದರು. 1950ರ ದಶಕದಿಂದ ಅಮೆರಿಕದಲ್ಲಿ ರಟ್ಟಿನ ಕಾಯಿ, ಮುದ್ರಿತ ನಕಾಶೆಗಳ ಆಟಗಳು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದವು.

ಗೋಡೆಯ ಲೆಕ್ಕ

ಈಗ ಮೇಜಿಗೆ ಮರಳೋಣ. ಈ ಆಟದಲ್ಲಿ ಗೋಡೆ ಎಂದರೇನು? ಒಂದು ಸಂಖ್ಯೆ. ದಾಳಿ ಮಾಡುವವನ ಬಲ 12, ಕಾಯುವವನ ಬಲ 4 ಎಂದುಕೊಳ್ಳಿ. ಬಯಲಿನಲ್ಲಾದರೆ ಇದು ಮೂರಕ್ಕೆ ಒಂದು. ದಾಳ ಎಸೆದರೆ ದಾಳಿಗಾರನೇ ಗೆಲ್ಲುವ ಸಂಭವ ಹೆಚ್ಚು. ಅದೇ ಕಾವಲುಗಾರ ಗೋಡೆಯ ಹಿಂದೆ ನಿಂತರೆ ಅವನ ಬಲವನ್ನು ಇಮ್ಮಡಿ ಎಂದು ಹಿಡಿಯುವುದು ವಾಡಿಕೆ. ಆಗ 12ಕ್ಕೆ 8, ಅಂದರೆ ಒಂದೂವರೆಗೆ ಒಂದು. ದಾಳಿಗಾರ ಈಗ ಯೋಚಿಸಬೇಕು. ಮುಳ್ಳಿನ ಪಟ್ಟಿಯನ್ನು ದಾಟಲು ಒಂದು ಸರದಿ ಹೆಚ್ಚು ಬೇಕು, ಕಂದಕಕ್ಕೆ ಏಣಿ ಬೇಕು ಎಂದೆಲ್ಲ ಸೇರಿಸಿದರೆ ಅವನ ಯೋಚನೆ ಇನ್ನೂ ಹೆಚ್ಚುತ್ತದೆ.

ಕೋಟೆಯ ಗೋಡೆ ಶತ್ರುವನ್ನು ಎಂದೆಂದಿಗೂ ತಡೆಯುವುದಿಲ್ಲ. ಫಿರಂಗಿ ಬಂದ ಮೇಲಂತೂ ಯಾವ ಗೋಡೆಯಾದರೂ ಒಂದಲ್ಲ ಒಂದು ದಿನ ಬಿರಿಯಲೇಬೇಕು. ಗೋಡೆ ಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ಹೊರಗಿನಿಂದ ನೆರವು ಬರಬೇಕು, ಇಲ್ಲವೇ ಮುತ್ತಿಗೆ ಹಾಕಿದವನ ಅನ್ನ, ಮೇವು, ಮದ್ದು ತೀರಬೇಕು. ಎರಡೂ ಆಗದಿದ್ದರೆ ಕೋಟೆ ಬೀಳುತ್ತದೆ. ಊರು ಕಾಯುವ ಎಲ್ಲ ಆಟಗಳ ಒಳಗೂ ಇರುವುದು ಈ ಒಂದೇ ಲೆಕ್ಕ.

ಬೆಂಗಳೂರಿನಲ್ಲಿ ಈ ಗೋಡೆಗಳು ಎರಡು. 1537ರ ಸುಮಾರಿಗೆ ಕೆಂಪೇಗೌಡರು ಕಟ್ಟಿಸಿದ ಊರು ಬೆಳೆದು ಪೇಟೆಯಾಗಿತ್ತು. ದೊಡ್ಡಪೇಟೆ, ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಎಂದು ಕಸುಬಿಗೊಂದು, ಸರಕಿಗೊಂದು ಕೇರಿ. ನೇಕಾರರು, ವರ್ತಕರು, ಗಾಣಿಗರು, ಕುಂಬಾರರು, ತೋಟ ಮಾಡುವ ತಿಗಳರು ಇದ್ದ ಊರು. ದಕ್ಷಿಣಕ್ಕಿದ್ದ ಮಣ್ಣಿನ ಕೋಟೆಯನ್ನು 1761ರಿಂದಾಚೆಗೆ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಕೋಟೆಗೂ ಪೇಟೆಗೂ ನಡುವೆ ಒಂದು ಬಯಲು. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆ ಇರುವುದು ಆ ಬಯಲಿನಲ್ಲಿ.

ಆಟಗಾರನ ಮೊದಲ ಇಕ್ಕಟ್ಟು ಇಲ್ಲಿಯೇ ಶುರುವಾಗುತ್ತದೆ. ಇರುವ ಜನರನ್ನು ಪೇಟೆಯಲ್ಲಿ ಎಷ್ಟು ನಿಲ್ಲಿಸಬೇಕು, ಕೋಟೆಯಲ್ಲಿ ಎಷ್ಟು? ಪೇಟೆಯ ಸುತ್ತಳತೆ ದೊಡ್ಡದು. ಅದನ್ನು ಪೂರ್ತಿ ಕಾಯಲು ಹೋದರೆ ಎಲ್ಲೆಡೆಯೂ ತೆಳುವಾಗುತ್ತದೆ. ಪೇಟೆಯನ್ನು ಬಿಟ್ಟುಕೊಟ್ಟರೆ ಅಲ್ಲಿನ ಧಾನ್ಯ, ಮೇವು, ಗೋಡೆಗಳ ಮರೆ ಎಲ್ಲವೂ ಶತ್ರುವಿನ ಪಾಲು. ಊರನ್ನು ತಾನೇ ಸುಟ್ಟರೆ? ಆಗ ಕಾಯಲು ಉಳಿಯುವುದಾದರೂ ಏನು?

ಆ ಹದಿನೇಳು ದಿನ

ಮೂರನೆಯ ಮೈಸೂರು ಯುದ್ಧ 1790ರಲ್ಲಿ ಆರಂಭವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡಿನ ನಾಯಕತ್ವ ವಹಿಸಿಕೊಂಡು 1791ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟ. ಟಿಪ್ಪು ಸುಲ್ತಾನ್ ಅವನನ್ನು ದಕ್ಷಿಣದ ಘಟ್ಟಗಳ ದಾರಿಯಲ್ಲಿ ನಿರೀಕ್ಷಿಸಿದ್ದ. ಕಾರ್ನ್‌ವಾಲಿಸ್ ಉತ್ತರದ ಮುಗಲಿ ಘಟ್ಟವನ್ನು ಹತ್ತಿ ಕೋಲಾರ, ಹೊಸಕೋಟೆಗಳ ಮೂಲಕ ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಬಂದು ನಿಂತ. ಆಟದ ಮೊದಲ ಸರದಿ ಇದು. ಒಂದು ಸರದಿಗೆ ಒಂದು ದಿನವೆಂದರೆ, ಮಾರ್ಚ್ 21ಕ್ಕೆ ಮುಗಿಯುವ ಆಟಕ್ಕೆ ಹದಿನೇಳು ಸರದಿ.

ಎರಡನೆಯ ಸರದಿಯಲ್ಲಿ ಮೈಸೂರಿಗೆ ಒಳ್ಳೆಯ ದಾಳ ಬಿತ್ತು. ಕಂಪನಿಯ ಕುದುರೆ ಪಡೆಯ ನಾಯಕ ಫ್ಲಾಯ್ಡ್ ನೆಲ ನೋಡಿಕೊಂಡು ಬರಲು ಹೋದವನು, ಮೈಸೂರಿನ ಸೈನ್ಯದ ಹಿಂಭಾಗ ಕಂಡ ಆಸೆಗೆ ಮುನ್ನುಗ್ಗಿ, ಮುಖಕ್ಕೆ ಗುಂಡು ತಗುಲಿ, ತನ್ನ ಪಡೆಯೊಂದಿಗೆ ಹಿಮ್ಮೆಟ್ಟಬೇಕಾಯಿತು. ಅತಿಯಾಸೆ ಮೇಜಿನ ಮೇಲೂ ಹೀಗೇ ಶಿಕ್ಷೆ ಪಡೆಯುತ್ತದೆ.

ಮೂರನೆಯ ಸರದಿ, ಮಾರ್ಚ್ 7. ಕಂಪನಿಯ ಪಡೆ ಪೇಟೆಯ ಬಾಗಿಲಿಗೆ ನುಗ್ಗಿತು. ಬಾಗಿಲು ಸುಲಭವಾಗಿ ಮುರಿಯಲಿಲ್ಲ. ಗೋಡೆಯ ಮೇಲಿನಿಂದ ಗುಂಡಿನ ಮಳೆ. ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಅಲ್ಲಿಯೇ ಸತ್ತ. ಕೊನೆಗೆ ಬಾಗಿಲಿನಲ್ಲಿ ಮಾಡಿದ ಕಿಂಡಿಯ ಮೂಲಕ ಒಬ್ಬ ಕುಳ್ಳ ಅಧಿಕಾರಿ ಮೊದಲು ನುಸುಳಿದ, ಅವನ ಹಿಂದೆ ಉಳಿದವರು. ಮೂರ್‌ಹೌಸನ ಸಾವನ್ನು ಚಿತ್ರಕಾರ ರಾಬರ್ಟ್ ಹೋಮ್ ಆಮೇಲೆ ದೊಡ್ಡ ಚಿತ್ರವಾಗಿ ಬರೆದ. ಆ ಬಾಗಿಲನ್ನು ಕಾಯುತ್ತ ಸತ್ತವರ ಚಿತ್ರವನ್ನು ಯಾರೂ ಬರೆಯಲಿಲ್ಲ.

ಪೇಟೆ ಕೈಬಿಟ್ಟಿತೆಂದು ತಿಳಿದ ಟಿಪ್ಪು ಅದೇ ದಿನ ಕಮರುದ್ದೀನ್ ಖಾನನ ನೇತೃತ್ವದಲ್ಲಿ ಸಾವಿರಾರು ಜನರನ್ನು ಕಳುಹಿಸಿ ಅದನ್ನು ಮರಳಿ ಪಡೆಯಲು ಯತ್ನಿಸಿದ. ಇಕ್ಕಟ್ಟಾದ ಓಣಿಗಳಲ್ಲಿ ಬಂದೂಕಿಗಿಂತ ಬಾನೆಟ್ಟೇ ಮಾತಾಡಿತು. ಮೈಸೂರಿನ ಕಡೆ ಆ ದಿನ 2,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು ಎಂದು ಬ್ರಿಟಿಷ್ ಲೇಖಕರು ಬರೆದಿದ್ದಾರೆ. ಅದು ಗೆದ್ದವರ ಲೆಕ್ಕ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೂ ಹಾನಿ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಇಂದು ಹಬ್ಬದ ಮುಂಚೆ ಸೀರೆ ಕೊಳ್ಳಲು ಜನ ಕಾಲಿಡಲು ಜಾಗವಿಲ್ಲದಂತೆ ನೆರೆಯುವ ಬೀದಿಗಳಿವು.

ಇಲ್ಲಿಂದ ಆಟದ ಸ್ವರೂಪ ಬದಲಾಗುತ್ತದೆ. ಪೇಟೆ ಕಂಪನಿಯ ಕೈಯಲ್ಲಿ, ಕೋಟೆ ಮೈಸೂರಿನ ಕೈಯಲ್ಲಿ, ಟಿಪ್ಪುವಿನ ಮುಖ್ಯ ಸೈನ್ಯ ಪಶ್ಚಿಮಕ್ಕೆ ಕೆಂಗೇರಿಯ ಕಡೆ ಬೀಡುಬಿಟ್ಟಿದೆ. ಕಾರ್ನ್‌ವಾಲಿಸ್‌ಗೆ ಕೋಟೆಯನ್ನು ಪೂರ್ತಿ ಸುತ್ತುವರಿಯುವಷ್ಟು ಜನವಿಲ್ಲ. ಅವನ ಫಿರಂಗಿಗಳು ಪೇಟೆಯ ಕಡೆಯಿಂದ ಮಾತ್ರ ಗೋಡೆಯನ್ನು ಬಡಿಯುತ್ತಿವೆ. ಕೋಟೆಯ ಇನ್ನೊಂದು ಬದಿಯ ಮೈಸೂರು ಬಾಗಿಲು ತೆರೆದೇ ಇದೆ. ಒಳಗಿನವರಿಗೆ ಹೊರಗಿನಿಂದ ಹೊಸ ಜನ, ಹೊಸ ಸುದ್ದಿ ಬರಬಹುದು. ಮುತ್ತಿಗೆ ಹಾಕಿದವನ ಸುತ್ತಲೇ ಮೈಸೂರಿನ ಕುದುರೆಗಳು ಸುಳಿಯುತ್ತಿವೆ. ಹುಲಿ ಯಾರು, ಕುರಿ ಯಾರು ಎಂದು ಹೇಳುವುದು ಕಷ್ಟವಾಗುವ ಸ್ಥಿತಿ.

ಕಾರ್ನ್‌ವಾಲಿಸ್‌ನ ನಿಜವಾದ ಶತ್ರು ಹಸಿವು. ಫಿರಂಗಿ ಎಳೆಯುವ ಎತ್ತುಗಳಿಗೆ ಮೇವಿಲ್ಲ. ಪೇಟೆಯಲ್ಲಿ ಸಿಕ್ಕಿದ ಮೇವು ಕೆಲವು ದಿನಕ್ಕೆ ಬಂತು. ಅದು ತೀರಿದ ಮೇಲೆ ಹುಲ್ಲಿನ ಬೇರನ್ನೂ ಅಗೆದು ತಿನ್ನಿಸುವ ಪರಿಸ್ಥಿತಿ. ಎತ್ತುಗಳು ಸಾಯತೊಡಗಿದವು. ಆದ್ದರಿಂದ ಒಳ್ಳೆಯ ಆಟದಲ್ಲಿ ಎತ್ತಿಗೂ ಒಂದು ಕಾಯಿ ಇರಲೇಬೇಕು. ಮನೆಯಲ್ಲೇ ಆಟ ಕಟ್ಟುವವರು ಚೌಕಾಬಾರಕ್ಕೆ ಬಳಸುವ ಹುಣಸೆ ಬೀಜವನ್ನು ಎತ್ತುಗಳೆಂದು ಇಟ್ಟುಕೊಂಡರೆ ಸಾಕು. ಪ್ರತಿ ಸರದಿಗೂ ಒಂದೊಂದು ಬೀಜ ತೆಗೆಯುತ್ತ ಹೋದರೆ ಕಾರ್ನ್‌ವಾಲಿಸ್‌ನ ಜಾಗದಲ್ಲಿ ಕುಳಿತವನಿಗೆ ಎದೆ ಡವಗುಟ್ಟುವುದು ತಾನಾಗಿ ಶುರುವಾಗುತ್ತದೆ.

ಇದರಲ್ಲಿ ಇತಿಹಾಸದ ಒಂದು ವಿಚಿತ್ರ ತಿರುವೂ ಇದೆ. ಹತ್ತು ವರ್ಷ ಹಿಂದೆ, 1781ರ ಅಕ್ಟೋಬರಿನಲ್ಲಿ, ಇದೇ ಕಾರ್ನ್‌ವಾಲಿಸ್ ಅಮೆರಿಕದ ಯಾರ್ಕ್‌ಟೌನ್ ಎಂಬ ಊರನ್ನು ಕಾಯುತ್ತ ಕುಳಿತಿದ್ದ. ವಾಷಿಂಗ್ಟನ್ನನ ಸೈನ್ಯ ಮತ್ತು ಫ್ರೆಂಚರು ಸುತ್ತುವರಿದಿದ್ದರು. ಸಮುದ್ರದ ಕಡೆಯಿಂದ ಬರಬೇಕಿದ್ದ ನೆರವು ಸಮಯಕ್ಕೆ ಬರಲಿಲ್ಲ. ಅವನು ಶರಣಾದ, ಅಮೆರಿಕ ಇಂಗ್ಲೆಂಡಿನ ಕೈ ತಪ್ಪಿತು. ಕಾಯುವವನು ಹೇಗೆ ಸೋಲುತ್ತಾನೆ ಎಂಬುದನ್ನು ಅನುಭವಿಸಿ ಬಲ್ಲವನು ಬೆಂಗಳೂರಿನಲ್ಲಿ ಮುತ್ತುವವನಾಗಿ ನಿಂತಿದ್ದ. ನೆರವು ಬರುವುದರೊಳಗೆ ಕೆಲಸ ಮುಗಿಸಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ಕೋಣೆ, ಒಂದು ಚೀಟಿ

ಈ ಆಟವನ್ನು ಸರಿಯಾಗಿ ಆಡಬೇಕಾದರೆ ಮೈಸೂರಿನ ಕಡೆಗೆ ಒಬ್ಬ ಆಟಗಾರ ಸಾಲದು, ಇಬ್ಬರು ಬೇಕು. ಒಬ್ಬ ಕೋಟೆಯೊಳಗಿನ ಕಿಲ್ಲೇದಾರ ಬಹಾದೂರ್ ಖಾನ್. ಇನ್ನೊಬ್ಬ ಕೆಂಗೇರಿಯಲ್ಲಿರುವ ಟಿಪ್ಪು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಬೇಕು. ಇವರ ನಡುವೆ ಮಾತಿಲ್ಲ, ಚೀಟಿ ಮಾತ್ರ. ಚೀಟಿಯನ್ನು ತೀರ್ಪುಗಾರ ಕೈಗೆ ತೆಗೆದುಕೊಂಡು, ಸವಾರ ಕೆಂಗೇರಿ ಮುಟ್ಟಲು ಬೇಕಾದಷ್ಟು ಹೊತ್ತು ಕಳೆದ ಮೇಲೆ ಕೊಡುತ್ತಾನೆ. ಕೆಲವೊಮ್ಮೆ ಕೊಡುವುದೇ ಇಲ್ಲ. ಸವಾರ ದಾರಿಯಲ್ಲಿ ಸಿಕ್ಕಿಬಿದ್ದ ಎನ್ನುತ್ತಾನೆ. ಪ್ರಷ್ಯಾದವರು ಕಂಡುಹಿಡಿದ ಉಪಾಯಗಳಲ್ಲಿ ಇದು ಬಹಳ ಬೆಲೆಯುಳ್ಳದ್ದು.

ಇಂದು ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಮೆಟ್ರೊ ರೈಲಿದೆ. 2021ರಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿವರೆಗೆ ಮಾರ್ಗ ತೆರೆದ ಮೇಲೆ ವಿಜಯನಗರ, ಅತ್ತಿಗುಪ್ಪೆ, ನಾಯಂಡಹಳ್ಳಿ ದಾಟಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಅಲ್ಲಿರಬಹುದು. 1791ರಲ್ಲಿ ಅದೇ ದೂರ ಒಂದು ಕೋಟೆಯ ಅಳಿವು ಉಳಿವಿನ ದೂರವಾಗಿತ್ತು. ಗೋಡೆ ಬಿರಿದಿದೆ ಎಂಬ ಸುದ್ದಿ ಹೊರಟು, ತಲುಪಿ, ಅಪ್ಪಣೆಯಾಗಿ, ಸೈನ್ಯ ಎದ್ದು, ನಡೆದು ಬರುವುದರೊಳಗೆ ಬಿರುಕಿನಲ್ಲಿ ಏನೇನು ಆಗಿಹೋಗಬಹುದು?

ಆದದ್ದೂ ಹಾಗೆಯೇ. ಮಾರ್ಚ್ 21ರ ಹಗಲು ಟಿಪ್ಪು ತನ್ನ ಸೈನ್ಯವನ್ನು ಮುಂದಕ್ಕೆ ತಂದು, ಕಂಪನಿಯ ತೋಪುಗಳ ಸಾಲನ್ನು ಪಕ್ಕದಿಂದ ಹೊಡೆಯುವಂತೆ ಫಿರಂಗಿಗಳನ್ನು ನಿಲ್ಲಿಸಲು ನೋಡಿದ. ಅದು ಸರಿಯಾದ ನಡೆ. ಒಂದೆರಡು ದಿನ ಮೊದಲು ಕೈಗೂಡಿದ್ದರೆ ಮುತ್ತಿಗೆಯ ಗತಿ ಬದಲಾಗುತ್ತಿತ್ತೇನೋ. ಆದರೆ ಆ ನಡೆಯೇ ಕಾರ್ನ್‌ವಾಲಿಸ್‌ನನ್ನು ಅವಸರಪಡಿಸಿತು. ಇನ್ನು ತಡಮಾಡಿದರೆ ಕೆಟ್ಟೆ ಎಂದುಕೊಂಡ ಅವನು ಅಂದು ರಾತ್ರಿಯೇ ಲಗ್ಗೆ ಎಂದು ನಿರ್ಧರಿಸಿದ. ಬೆಳದಿಂಗಳ ರಾತ್ರಿ, ಸುಮಾರು ಹನ್ನೊಂದು ಗಂಟೆ. ದೆಹಲಿ ಬಾಗಿಲಿನ ಸಮೀಪದ ಬಿರುಕಿನ ಮೂಲಕ ಕಂಪನಿಯ ಸೈನಿಕರು ಸದ್ದಿಲ್ಲದೆ ಹತ್ತಿದರು. ಎಪ್ಪತ್ತರ ಆಸುಪಾಸಿನ ವೃದ್ಧನಾದ ಬಹಾದೂರ್ ಖಾನ್ ಕಾದಾಡುತ್ತ ಬಿದ್ದ. ಅವನ ಧೈರ್ಯವನ್ನು ಶತ್ರುಗಳೇ ಮೆಚ್ಚಿ ಬರೆದಿದ್ದಾರೆ. ಟಿಪ್ಪು ಕಳುಹಿಸಿದ ನೆರವಿನ ಪಡೆ ಬರುವ ವೇಳೆಗೆ ಕೋಟೆಯ ಮೇಲೆ ಬೇರೆಯವರಿದ್ದರು. ಅದು ಹಿಂದಿರುಗಬೇಕಾಯಿತು.

ಗೆಲುವು ಎಂದರೆ ಯಾವುದು?

ಇತಿಹಾಸದಲ್ಲಿ ಸೋತವನ ಪಾತ್ರವನ್ನು ಆಡಲು ಯಾರು ಒಪ್ಪುತ್ತಾರೆ ಎಂದು ತಾವು ಕೇಳಬಹುದು. ಯುದ್ಧದಾಟ ಕಟ್ಟುವವರು ಇದಕ್ಕೆ ಒಂದು ಜಾಣ ಪರಿಹಾರ ಕಂಡುಕೊಂಡಿದ್ದಾರೆ. ಗೆಲುವಿನ ಷರತ್ತನ್ನು ಇತಿಹಾಸದ ಫಲಿತಾಂಶದಿಂದ ಬಿಡಿಸಿಬಿಡುತ್ತಾರೆ. ಬಹಾದೂರ್ ಖಾನ್ ನಿಜದಲ್ಲಿ ಹದಿನೇಳನೆಯ ದಿನದವರೆಗೆ ನಿಂತ. ಆದ್ದರಿಂದ ಹದಿನೆಂಟನೆಯ ಸರದಿಯವರೆಗೆ ನಿಂತ ಆಟಗಾರ ಗೆದ್ದಂತೆ. ಕೋಟೆ ಬಿದ್ದರೂ ಕಂಪನಿಯ ಹುಣಸೆ ಬೀಜಗಳು ಇಂತಿಷ್ಟಕ್ಕಿಂತ ಕಡಿಮೆಯಾಗಿದ್ದರೆ ಅದೂ ಮೈಸೂರಿನ ಅರ್ಧ ಗೆಲುವು.

ಇದು ಸುಮ್ಮನೆ ಸಮಾಧಾನದ ಮಾತಲ್ಲ. ಬೆಂಗಳೂರನ್ನು ಗೆದ್ದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಎಲ್ಲವನ್ನೂ ನಾಶಮಾಡಿಸಿದ್ದರಿಂದ ಅವನು ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ಸುತ್ತುದಾರಿ ಹಿಡಿದ. ಮೇ 15ರಂದು ಅರಕೆರೆಯ ಬಳಿ ಕದನದಲ್ಲಿ ಗೆದ್ದ. ಆದರೆ ಎತ್ತುಗಳು ಸತ್ತು, ಅನ್ನ ತೀರಿ, ಮಳೆ ಹಿಡಿದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಶ್ರೀರಂಗಪಟ್ಟಣದ ಮುಂದೆ ಅವನು ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮೈಸೂರನ್ನು ಒಂದು ವರ್ಷದ ಮಟ್ಟಿಗಾದರೂ ಉಳಿಸಿದ್ದು ಫಿರಂಗಿಗಿಂತ ಹೆಚ್ಚಾಗಿ ಮೇವಿಲ್ಲದ ನೆಲ ಎಂದರೆ ತಪ್ಪಿಲ್ಲ.

ಇಲ್ಲಿಯೇ ಒಂದು ಮುಳ್ಳಿನ ಪ್ರಶ್ನೆ ಏಳುತ್ತದೆ. ಆ ನೆಲವನ್ನು ಮೇವಿಲ್ಲದಂತೆ ಮಾಡಿದ್ದು ಎಂದರೆ ಯಾರ ಹೊಲವನ್ನು ಸುಟ್ಟದ್ದು? ಮೇಜಿನ ಮೇಲೆ ಒಂದು ಮನೆಗೆ ಕಪ್ಪು ಬಿಲ್ಲೆ ಇಟ್ಟರೆ ಕೆಲಸ ಮುಗಿಯಿತು. ಕಾನಕಾನಹಳ್ಳಿಯ ರೈತನಿಗೆ ಅದು ವರ್ಷದ ರಾಗಿ. ಶತ್ರುವಿಗೆ ಸಿಗಬಾರದೆಂದು ತನ್ನ ದೊರೆಯೇ ಸುಟ್ಟರೂ, ಶತ್ರುವೇ ಬಂದು ಲೂಟಿ ಮಾಡಿದರೂ, ಅವನ ಕಣಜ ಖಾಲಿಯೇ. ಪೇಟೆಯ ನೇಕಾರನಿಗೂ ಅಷ್ಟೆ. ಮಾರ್ಚ್ 7ರ ಸಂಜೆ ಅವನ ಮಗ್ಗದ ಮನೆ ಯಾರ ಕೈಯಲ್ಲಿತ್ತು ಎಂಬುದು ದೊಡ್ಡವರ ಲೆಕ್ಕ. ಅವನ ಲೆಕ್ಕ, ಮಗ್ಗ ಉಳಿಯಿತೆ ಎಂಬುದು.

ಯುದ್ಧದಾಟದ ಮೇಲೆ ಇರುವ ದೊಡ್ಡ ಆಕ್ಷೇಪಣೆ ಇದೇ. ಅದು ಸೇನಾಪತಿಯ ಕಣ್ಣಿನಿಂದ ಮಾತ್ರ ನೋಡುತ್ತದೆ, ರಕ್ತವನ್ನು ಅಂಕಿಯಾಗಿಸುತ್ತದೆ, ಮಕ್ಕಳಿಗೆ ಯುದ್ಧವೆಂದರೆ ಸೊಗಸು ಎನಿಸುವಂತೆ ಮಾಡುತ್ತದೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆಟದ ನಿಯಮಕ್ಕೆ ನಿಲುಕದ ಸಂಗತಿಗಳೂ ಇವೆ. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳುವಾಗ ಒನಕೆ ಹಿಡಿದು ನಿಂತ ಚಿತ್ರದುರ್ಗದ ಓಬವ್ವನ ಕಥೆ ನಾಡಿಗೆಲ್ಲ ಗೊತ್ತು. ಯಾವ ಕೋಷ್ಟಕದಲ್ಲಿ ಆಕೆಗೆ ಜಾಗವಿದೆ? ಕಾವಲುಗಾರ ಊಟಕ್ಕೆ ಹೋಗಿದ್ದಾನೆ, ಆ ಜಾಗದ ಬಲ ಸೊನ್ನೆ ಎಂದೇ ಆಟ ಹೇಳುತ್ತದೆ. ಊರನ್ನು ಕಾಯುವವರಲ್ಲಿ ಕಾಯಿಗಳಾಗಿ ಎಣಿಸಲ್ಪಡದವರೇ ಬಹಳ.

ಆದರೂ ಆಟದ ಪರವಾಗಿ ಹೇಳಬೇಕಾದದ್ದಿದೆ. ಪಠ್ಯಪುಸ್ತಕದಲ್ಲಿ ಬೆಂಗಳೂರು ಬಿದ್ದದ್ದು ಒಂದು ಸಾಲು. ಓದಿದ ಹುಡುಗನಿಗೆ ಅದು ಬೀಳಲೇಬೇಕಿತ್ತು ಎನಿಸುತ್ತದೆ. ಮೇಜಿನ ಮುಂದೆ ಕುಳಿತು ಆಡಿದವನಿಗೆ ಹಾಗನಿಸುವುದಿಲ್ಲ. ಮಾರ್ಚ್ 20ರ ರಾತ್ರಿ ಏನೂ ತೀರ್ಮಾನವಾಗಿರಲಿಲ್ಲ ಎಂಬುದು ಅವನಿಗೆ ಕೈಯಾರೆ ಗೊತ್ತಾಗುತ್ತದೆ. ಒಂದು ಚೀಟಿ ಬೇಗ ತಲುಪಿದ್ದರೆ, ಎತ್ತುಗಳು ಇನ್ನೆರಡು ದಿನ ಮೊದಲು ಸತ್ತಿದ್ದರೆ, ಪೇಟೆಯ ಮೇವನ್ನು ಮೊದಲೇ ತೆಗೆಸಿದ್ದರೆ ಎಂದು ಅವನು ಲೆಕ್ಕ ಹಾಕುತ್ತಾನೆ. ಅಂದಿನವರು ಮೂರ್ಖರಾಗಿರಲಿಲ್ಲ, ಅವರಿಗೆ ಮುಂದಿನದು ಕಾಣುತ್ತಿರಲಿಲ್ಲ ಅಷ್ಟೆ ಎಂಬ ತಿಳಿವಳಿಕೆ ಇತಿಹಾಸದ ಓದಿಗೆ ಬಹಳ ಅಗತ್ಯ. ಎರಡನೆಯ ಸಲ ಆಡುವಾಗ ಜಾಗ ಬದಲಾಯಿಸಿ, ಮೈಸೂರಿನವನು ಕಾರ್ನ್‌ವಾಲಿಸ್ ಆಗಿ ಕುಳಿತರೆ ಇನ್ನಷ್ಟು ಕಲಿಯಬಹುದು.

ನಿಯಮ ಸಾಲದಿದ್ದರೆ ನಿಯಮವನ್ನು ಸೇರಿಸಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಕಾಶೆಯ ಪೇಟೆಯ ಮನೆಗಳಲ್ಲಿ ಒಂದೊಂದು ಹಿಡಿ ರಾಗಿ ಹಾಕಿ. ಅವು ಅಲ್ಲಿನ ಜನ. ಅವರಿಗೆ ಬಲವಿಲ್ಲ, ಅವರಿಂದ ಯಾರಿಗೂ ಗೆಲುವಿನ ಅಂಕವಿಲ್ಲ. ಪ್ರತಿ ಸರದಿಯ ಕೊನೆಗೆ ಆಟಗಾರರು ಕಾಳುಗಳು ಎಲ್ಲಿ ಹೋದವು ಎಂದು ತೀರ್ಪುಗಾರನಿಗೆ ಹೇಳಬೇಕು, ಅಷ್ಟೆ. ಯಾವ ಬಾಗಿಲಿಂದ ಹೊರಟರು, ಯಾವ ಹಳ್ಳಿಗೆ ಸೇರಿದರು, ಎಷ್ಟು ಜನ ಉಳಿದರು? ಈ ಒಂದು ನಿಯಮದಿಂದ ಆಟ ನಿಧಾನವಾಗುತ್ತದೆ. ಆಗಲಿ. ಮಕ್ಕಳು ಕೇಳುವ ಪ್ರಶ್ನೆಗಳು ಆಗ ಬೇರೆಯಾಗುತ್ತವೆ.

ತನ್ನ ಪುಟ್ಟ ಯುದ್ಧಗಳ ಪುಸ್ತಕದ ಕೊನೆಗೆ ವೆಲ್ಸ್ ಹೇಳುವ ಮಾತಿನ ಸಾರವೂ ಇದೇ: ಮೇಜಿನ ಮೇಲೆ ಮೂರು ನಾಲ್ಕು ಸಲ ಆಡಿ ನೋಡಿದರೆ ನಿಜವಾದ ಮಹಾಯುದ್ಧ ಎಂಥ ಪ್ರಮಾದ ಎಂಬುದು ಅರಿವಾಗುತ್ತದೆ. ಅವರು ಬರೆದ ಮರುವರ್ಷವೇ, 1914ರಲ್ಲಿ, ಮೊದಲ ಮಹಾಯುದ್ಧ ಆರಂಭವಾಯಿತು. ಆಟ ಯುದ್ಧವನ್ನು ತಡೆಯಲಾರದು. ನೋಡುವ ಕಣ್ಣನ್ನು ಕೊಂಚ ತಿದ್ದಬಹುದು.

ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಸ್ವಲ್ಪ ಗೋಡೆ. ಒಳಗಿದ್ದ ನೆಲದ ಬಹುಪಾಲನ್ನು ಆಸ್ಪತ್ರೆ, ಕಾಲೇಜು, ಶಾಲೆ, ರಸ್ತೆಗಳು ತೆಗೆದುಕೊಂಡಿವೆ. 1791ರ ಮಾರ್ಚ್ 21ರಂದು ಬ್ರಿಟಿಷರ ಲಗ್ಗೆ ಈ ಬಿರುಕಿನಿಂದ ನಡೆಯಿತು ಎಂದು ಹೇಳುವ ಕಲ್ಲೊಂದು ಅಲ್ಲಿದೆ. ಹತ್ತಿದವರ ನೆನಪಿಗೆ ಹತ್ತಿದವರೇ ಇಟ್ಟ ಕಲ್ಲು. ಬಿರುಕಿನ ಒಳಬದಿಯಲ್ಲಿ ನಿಂತಿದ್ದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಮಾರುಕಟ್ಟೆಯ ಕಡೆ ಹೋದಾಗ ಆ ಬಾಗಿಲಿನ ಒಳಗೆ ನಿಂತು ಪೇಟೆಯ ದಿಕ್ಕಿಗೆ ಒಮ್ಮೆ ನೋಡಿ. ಆಮೇಲೆ ಪಶ್ಚಿಮಕ್ಕೆ, ಮನೆಯ ದಿಕ್ಕಿಗೆ, ಕೆಂಗೇರಿಯ ದಿಕ್ಕಿಗೆ ತಿರುಗಿ. ಬಹಾದೂರ್ ಖಾನ್ ಹದಿನೇಳು ದಿನ ಹಾಗೆ ತಿರುಗಿ ತಿರುಗಿ ನೋಡಿದ್ದಿರಬೇಕು. ಊರಿಗೆ ಬಂದು ಕಾಳಿನ ಡಬ್ಬಿ, ಹುಣಸೆ ಬೀಜ, ಒಂದು ಹಾಳೆ ತೆಗೆದುಕೊಂಡು ಕುಳಿತರೆ ಉಳಿದದ್ದನ್ನು ಮಕ್ಕಳೇ ಕೇಳುತ್ತಾರೆ.